ಜೀನುಗಾರನಿಗೆ ಭಾರವಾದ ಹೆಸರು

ನಮ್ಮೂರಿಗೆ ಏನೇನೋ ಬರ ಬಂದದ್ದುಂಟು, ದೊಡ್ಡ ಹೆಸರುಗಳ ಬರ ಮಾತ್ರ ಬಂದಿಲ್ಲ. ಕಾಫಿ ಅಂಗಡಿಯ ಎಪಮಿನೋಂದಾಸನದು ಸ್ಪಾರ್ಟಾದ ಸೊಕ್ಕು ಮುರಿದ ಸೇನಾಪತಿಯ ಹೆಸರು. ಅವನೋ, ಹೆಂಡತಿ ಒಳಗಿನಿಂದ ಕೆಮ್ಮಿದರೆ ಸಾಕು, ಕೈಯಲ್ಲಿದ್ದ ಕಾಫಿ ಚೆಲ್ಲಿಕೊಳ್ಳುತ್ತಿದ್ದ. ಮೇಲುಕೇರಿಯ ಮಿಲ್ತಿಯಾದಿಸನದು ಮ್ಯಾರಥಾನ್ ಬಯಲಿನಲ್ಲಿ ಪರ್ಷಿಯದ ದಂಡನ್ನು ಸಮುದ್ರಕ್ಕೆ ಅಟ್ಟಿದವನ ಹೆಸರು. ಇವನಿಗೆ ಅದು ಒಪ್ಪುತ್ತಿತ್ತು ಅನ್ನಿ. ಆಳು ದೈತ್ಯ, ಗಂಟಲು ಅದಕ್ಕಿಂತ ದೈತ್ಯ. ಇವರ ನಡುವೆ ಕತ್ತೆ ಕುದುರೆಗಳ ಬೆನ್ನಿಗೆ ಜೀನು ಹೊಲಿಯುವ ಇರಾಕ್ಲಿಸ್. ಹೊರದೇಶದವರು ಹರ್ಕ್ಯುಲಿಸ್ ಅನ್ನುತ್ತಾರಲ್ಲ, ಅದೇ ಹೆಸರು. ಹೊತ್ತವನು ಮಾತ್ರ ಐದಡಿಗೆ ಎರಡು ಬೆರಳು ಕಡಿಮೆ, ಅಂಗಿಯೊಳಗೆ ಹುಡುಕಿ ತೆಗೆಯಬೇಕಾದಂಥ ಮೈ.

ಬೇರೆ ಸೀಮೆಯಲ್ಲಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ನಮ್ಮದು ಗ್ರೀಸಿನ ನೆಮೆಯಾ. ಆ ವೀರ ಬರಿಗೈಯಲ್ಲಿ ಸಿಂಹದ ಕತ್ತು ಹಿಸುಕಿದ ಗವಿ ನಮ್ಮೂರಿಂದ ಅರ್ಧ ದಿನದ ದಾರಿ ಕೂಡ ಇಲ್ಲ. ನಾವು ಕುಡಿಯುವ ಕೆಂಪು ದ್ರಾಕ್ಷಾರಸಕ್ಕೂ ಅವನ ರಕ್ತವೆಂದೇ ಹೆಸರು. ಹೀಗಿರುವಾಗ ಜೀನುಗಾರ ಒಂದು ಮೇಕೆಮರಿಗೆ ಹೆದರಿ ಪಕ್ಕಕ್ಕೆ ಸರಿದರೂ ಊರು ಬಿಟ್ಟೀತೆ? ಹಟ್ಟಿ ಗುಡಿಸುತ್ತಿದ್ದರೆ, "ಎಲಾ ಇರಾಕ್ಲಿ, ರಾಜನ ಲಾಯ ತೊಳಿಯೋಕೆ ನದೀನೇ ತಿರುಗಿಸಿದ್ಯಂತೆ, ಇವತ್ತೇನು ಪೊರಕೆ?" ಎಂದು ಒಬ್ಬ. ಬೆಕ್ಕು ಎದುರು ಬಂದರೆ, "ಹುಷಾರು, ಸಿಂಹ!" ಎಂದು ಇನ್ನೊಬ್ಬ. ಅವನೂ ತುಟಿ ಬಿಗಿದು ನಗುತ್ತಿದ್ದ. ಒಳಗೆ ಮಾತ್ರ ಉರಿಯುತ್ತಿತ್ತು.

ಆ ಹೆಸರು ಇಟ್ಟವನು ಸರಾಂದಿಸ್, ಕೆಳಗಿನ ಹಳ್ಳಿಯಲ್ಲಿ ಇದ್ದಿಲು ಸುಡುತ್ತಿದ್ದವನು. ದೀಕ್ಷಾಸ್ನಾನದಲ್ಲಿ ಮಗುವಿಗೆ ಧರ್ಮತಂದೆಯಾಗಿ ನಿಂತವನೇ ಹೆಸರು ಕೂಗುವುದು ನಮ್ಮ ಪದ್ಧತಿ. ಇರಾಕ್ಲಿಸನ ತಾಯಿಗೆ ಅವನಿಗಿಂತ ಮೊದಲು ಹುಟ್ಟಿದ ಮೂರೂ ಮಕ್ಕಳು ಉಳಿದಿರಲಿಲ್ಲ. ನಾಲ್ಕನೆಯದೂ ಕಡ್ಡಿಯಂತೆ ಹುಟ್ಟಿತು. ಸರಾಂದಿಸ್ ಹೆಸರು ಹೇಳಿದಾಗ ಪಾದ್ರಿಗಳು ನೀರಿನ ಕೊಪ್ಪರಿಗೆಯ ಮುಂದೆ ಸಿಡುಕಿದರಂತೆ, "ಇದು ಸಂತರ ಹೆಸರಲ್ಲ ಕಣಯ್ಯಾ!" ಎಂದು. "ಸಂತರ ಹೆಸರು ಮೂರು ಮಕ್ಕಳಿಗೆ ಇಟ್ಟಾಯ್ತಲ್ಲ ಸ್ವಾಮಿ. ಮೂರೂ ಮಣ್ಣಾದ್ವು. ಹಾರೋಸ್ ಜೊತೆ ಕುಸ್ತಿ ಹಿಡಿದು ಗೆದ್ದೋನು ಆ ವೀರ ಒಬ್ಬನೇ. ಅವನದೇ ಇಡಿ" ಎಂದನಂತೆ ಸರಾಂದಿಸ್. ಹಾರೋಸ್ ಎಂದರೆ ನಮ್ಮಲ್ಲಿ ಸಾವು. ಕರಿ ಕುದುರೆ ಏರಿ ಬರುತ್ತಾನೆ. ಒಬ್ಬ ರಾಜನ ಹೆಂಡತಿಯನ್ನು ಅವನು ಒಯ್ಯುತ್ತಿದ್ದಾಗ ಸಮಾಧಿಯ ಹಿಂದೆ ಅಡಗಿ ಕುಳಿತಿದ್ದ ಇರಾಕ್ಲಿಸ್ ಸೊಂಟ ಹಿಡಿದು ಕೆಡವಿ, ಆಕೆಯನ್ನು ಬಿಡಿಸಿಕೊಂಡು ಬಂದನೆಂಬ ಕಥೆ ನಮ್ಮ ಮಕ್ಕಳಿಗೂ ಗೊತ್ತು.

ಮಗು ಬದುಕಿತು. ಆದರೆ ಬದುಕಿದವನಿಗೆ ಆ ಕಥೆ ಬೇಡವಾಯಿತು. ಇಪ್ಪತ್ತು ತುಂಬಿ ಸೇನೆಯ ತಪಾಸಣೆಗೆ ಹೋದಾಗ ಅಧಿಕಾರಿ ಹೆಸರು ಕೂಗಿದ. ಇವನು ಎದ್ದು ನಿಂತ. ಅಂಗಳದಲ್ಲಿದ್ದ ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತೂಕ ಸಾಲದೆಂದು ವಾಪಸ್ ಕಳಿಸಿದರು. ಊರಿಗೆ ಬರುವ ದಾರಿಯಲ್ಲೇ ಸರಾಂದಿಸನ ಇದ್ದಿಲ ಗೂಡಿನ ಮುಂದೆ ನಿಂತು, "ಯಾಕೆ ಇಟ್ಟೆ ಈ ಹೆಸರು? ನಿನಗೇನು ದ್ರೋಹ ಮಾಡಿದ್ದೆ ನಾನು?" ಎಂದು ಕಿರುಚಿದ.

"ಬದುಕಿದೀಯಲ್ಲ ಮಗಾ" ಎಂದ ಸರಾಂದಿಸ್.

"ಇದೂ ಒಂದು ಬದುಕಾ?" ಎಂದು ಹೊರಟುಬಂದವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಈಸ್ಟರಿಗೆ ಧರ್ಮತಂದೆಯ ಕೈಗೆ ಮುತ್ತಿಡಲು ಹೋಗದವನನ್ನು ನಮ್ಮಲ್ಲಿ ಜನ ಹೆತ್ತವರನ್ನು ಹೊರದೂಡಿದವನಂತೆ ನೋಡುತ್ತಾರೆ. ಇಪ್ಪತ್ತೆಂಟು ವರ್ಷ ಅವನು ಹೋಗಲಿಲ್ಲ. ಹಟ ಎಂದರೆ ಹಟ. ಸಂತೆಯಲ್ಲಿ ಮುದುಕ ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ.

ಕೆಲಸದಲ್ಲಿ ಮಾತ್ರ ಅವನ ಕೈಗೆ ಸಮನಾದ ಕೈ ಈ ಗುಡ್ಡಗಳಲ್ಲಿ ಇರಲಿಲ್ಲ. ಕತ್ತೆಯನ್ನೋ ಹೇಸರಗತ್ತೆಯನ್ನೋ ತಂದು ನಿಲ್ಲಿಸಿದರೆ ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಅದರ ಬೆನ್ನಿನ ಮೇಲೆ ಹರಡಿ, ಕಣ್ಣು ಮುಚ್ಚಿ, ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಯಾವ ಮೂಳೆ ಎದ್ದಿದೆ, ಎಲ್ಲಿ ಹಳೆಯ ಗಾಯ ಇದೆ, ಎಲ್ಲಾ ಅಂಗೈಗೆ ತಿಳಿಯುತ್ತಿತ್ತು. ಆಮೇಲೆ ಹುಲ್ಲು ತುಂಬಿ, ಅದರ ಕೆಳಗೆ ಹಿಂಜಿದ ಕುರಿಯುಣ್ಣೆಯ ಪದರ ಕೊಟ್ಟು ಹೊಲಿದರೆ, ಎಷ್ಟೇ ಹೇರು ಹೇರಿದರೂ ಪ್ರಾಣಿಯ ಬೆನ್ನು ಹುಣ್ಣಾಗುತ್ತಿರಲಿಲ್ಲ. ಮನೆ ಮನೆಗೆ ಹೋದಾಗ ಬಾಗಿಲು ತಟ್ಟಿ "ಜೀನಿನವನು ಬಂದಿದೀನಿ" ಎನ್ನುತ್ತಿದ್ದ. ತನ್ನ ಬಾಯಿಂದ ತನ್ನ ಹೆಸರನ್ನು ಅವನು ಹೇಳಿದ್ದನ್ನು ನಾವ್ಯಾರೂ ಕೇಳಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು, ಅಸಿಮಿನಾ. ಗಂಡು ಹುಟ್ಟಲಿಲ್ಲವೆಂದು ಹೆಂಡತಿ ಸ್ತಮಾತಾ ಕೊರಗಿದರೆ ಅವನು ಒಳಗೊಳಗೇ ನೆಮ್ಮದಿಪಟ್ಟ. ನಮ್ಮಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು; ಮಗನಿದ್ದಿದ್ದರೆ ಮೊಮ್ಮಗನೂ ಇರಾಕ್ಲಿಸ್ ಆಗಬೇಕಿತ್ತು. ಅಸಿಮಿನಾ ಮದುವೆಯಾದದ್ದು ಮಿಲ್ತಿಯಾದಿಸನ ಕಿರಿಮಗನನ್ನು. ಅಲ್ಲಿಗೆ ಮುಗಿಯಿತಲ್ಲ! ಹುಟ್ಟುವವನು ಮಿಲ್ತಿಯಾದಿಸ್ ಆಗುತ್ತಾನೆ, ಈ ಪೀಡೆ ತನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಮಿಲ್ತಿಯಾದಿಸನ ದೊಡ್ಡ ಗಂಡುಮಕ್ಕಳಿಬ್ಬರ ಮನೆಯಲ್ಲಿ ಆಗಲೇ ಇಬ್ಬರು ಮಿಲ್ತಿಯಾದಿಸರಿದ್ದರು. ಅಂಗಳದಲ್ಲಿ ನಿಂತು ಒಬ್ಬನನ್ನು ಕರೆದರೆ ಮೂವರು ಓಗೊಡುತ್ತಿದ್ದರು, ಅಜ್ಜನೂ ಸೇರಿ.

"ಬೀಗರೇ, ಇನ್ನೊಬ್ಬ ಬಂದ್ರೆ ಅಂಗಳ ಸಾಕಾಗತ್ತಾ?" ಎಂದು ಒಮ್ಮೆ ಕಾಫಿ ಅಂಗಡಿಯಲ್ಲಿ ಇರಾಕ್ಲಿಸ್ ತಮಾಷೆ ಮಾಡಿದ.

"ಹತ್ತು ಜನ ಬರ್ಲಿ ರೀ! ಹತ್ತೂ ಜನ ಮಿಲ್ತಿಯಾದಿಸ್‌ಗಳೇ! ನನ್ನ ಹೆಸರು ಕೊರಿಂಥದವರೆಗೂ ಕೇಳಿಸ್ಬೇಕು" ಎಂದು ಮಿಲ್ತಿಯಾದಿಸ್ ಮೇಜು ಗುದ್ದಿದ. "ನಿಮ್ಮದನ್ನ ಇಡೋಣ ಅಂದ್ರೆ, ಪಾಪ, ಕೂಸು ಏನು ತಪ್ಪು ಮಾಡಿದೆ ಹೇಳಿ?" ಅಂಗಡಿಯೆಲ್ಲ ಘೊಳ್ಳೆಂದಿತು. ಇರಾಕ್ಲಿಸನೂ ನಕ್ಕ. ಅವತ್ತು ನಿಜವಾಗಿಯೂ ನಕ್ಕ.

ಸಾವಿರದ ಒಂಬೈನೂರ ಅರವತ್ಮೂರರ ಫೆಬ್ರವರಿ. ಅಳಿಯ ಉತ್ತರದ ಗಡಿಯಲ್ಲಿ ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದ. ಅಸಿಮಿನಾ ತವರಿಗೆ ಬಂದಿದ್ದಳು. ಮೂರು ದಿನ ಬಿಡದೆ ಹಿಮ ಸುರಿಯಿತು. ಕೆಳಗೆ ಹೋಗುವ ರಸ್ತೆ ಮುಚ್ಚಿತು. ಯಾರದೋ ಶವಸಂಸ್ಕಾರಕ್ಕೆಂದು ಕೆಳಗಿನ ಹಳ್ಳಿಗೆ ಇಳಿದಿದ್ದ ಪಾದ್ರಿಗಳು ಅಲ್ಲೇ ಸಿಕ್ಕಿಬಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ, ಏಳೇ ತಿಂಗಳಿಗೆ, ಅಸಿಮಿನಾಗೆ ನೋವು ಬಂತು.

ಪಕ್ಕದ ಮನೆಯ ಸೂಲಗಿತ್ತಿ ಗರಿಫಲ್ಯಾ ಬಂದಳು, ಪುಣ್ಯ. ಗಂಡು ಕೂಸು. ಒಂದು ಸಣ್ಣ ಬ್ರೆಡ್ಡಿನಷ್ಟು. ಅಳು ಎಂದರೆ ಬೆಕ್ಕಿನ ಮರಿಯ ಮುಲುಕು, ಅದೂ ಒಂದೇ ಸಲ. ತುಟಿ ನೀಲಿ. ಅತ್ತ ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ.

"ಬೆಚ್ಚಗಿಡ್ರೋ ಕೂಸನ್ನ! ನನ್ನ ಕೈ ಇಲ್ಲಿ ಬಿಡುವಿಲ್ಲ!" ಎಂದು ಗರಿಫಲ್ಯಾ ಕೂಗಿದಳು.

ಇರಾಕ್ಲಿಸ್ ಎದ್ದ. ಹಿಂದಿನ ದಿನವಷ್ಟೇ ಹೊಲಿದು ಮುಗಿಸಿದ್ದ ಹೊಸ ಜೀನನ್ನು ತಂದು, ಹೊಲಿಗೆ ಸೀಳಿ, ಉಣ್ಣೆಯನ್ನೆಲ್ಲ ಕಿತ್ತ. ಹಿಟ್ಟು ನಾದುವ ಮರಿಗೆಯಲ್ಲಿ ಅದನ್ನು ಹಾಸಿದ. ಒಲೆಯ ಬದಿಯ ಇಟ್ಟಿಗೆಗಳನ್ನು ಬಟ್ಟೆಯಲ್ಲಿ ಸುತ್ತಿ, ಒಂದೊಂದನ್ನೂ ಅಂಗೈಯಲ್ಲಿಟ್ಟು ಬಿಸಿ ನೋಡಿ, ಸುತ್ತಲೂ ಜೋಡಿಸಿದ. ನಡುವೆ ಮಗುವನ್ನು ಮಲಗಿಸಿ, ಅದರ ಬೆನ್ನ ಕೆಳಗೆ ಎರಡು ಬೆರಳು ತೂರಿಸಿ, ಉಣ್ಣೆಯನ್ನು ಅಷ್ಟಷ್ಟೇ ಸರಿಪಡಿಸಿದ. ಅವನ ಬೆರಳುಗಳಿಗೆ ಆ ಎದೆಯ ಬಡಿತ ತಿಳಿಯುತ್ತಿತ್ತು. ಬಡಿತ ತಪ್ಪುತ್ತಿದ್ದದ್ದೂ ತಿಳಿಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ತಿಳಿದು ಮಿಲ್ತಿಯಾದಿಸ್ ಸೊಂಟದಷ್ಟು ಹಿಮ ಸೀಳಿಕೊಂಡು ಬಂದ. "ಎಲ್ಲಿ ನನ್ನ ಮಿಲ್ತಿಯಾದಿಸ್!" ಎಂದು ಗರ್ಜಿಸುತ್ತಲೇ ಒಳಗೆ ಕಾಲಿಟ್ಟವನು ಮರಿಗೆಯ ಬಳಿ ಬಗ್ಗಿ ನೋಡಿದ. ನೆಲದ ಮೇಲೆ ಕುಕ್ಕರಿಸಿ ಕೂತುಬಿಟ್ಟ.

ಗರಿಫಲ್ಯಾ ಕೈ ಒರೆಸಿಕೊಳ್ಳುತ್ತ ಬಂದು ಮಗುವಿನ ಮೂಗಿನ ಬಳಿ ಕೆನ್ನೆ ಇಟ್ಟಳು. ಅವಳ ಮುಖ ಇಳಿಯಿತು. "ತಾಯಿ ಉಳೀತಾಳೆ. ಇದರ ಮಾತು ನಾ ಹೇಳಲಾರೆ. ದೀಕ್ಷೆ ಇಲ್ದೆ ಹೋದ್ರೆ ಚರ್ಚಿನ ಅಂಗಳದಲ್ಲಿ ಮಣ್ಣೂ ಕೊಡಲ್ಲ ಇದಕ್ಕೆ. ಪಾದ್ರಿಗಳಿಗೆ ಕಾಯೋ ಹೊತ್ತಲ್ಲ. ಗಾಳಿಯಲ್ಲೇ ಕೊಡ್ರಿ."

ನಮ್ಮಲ್ಲಿ ಅದಕ್ಕೂ ಒಂದು ದಾರಿ ಇದೆ. ಪಾದ್ರಿ ಇಲ್ಲದೆ, ನೀರಿಲ್ಲದೆ, ಸಾಯುವ ಕೂಸನ್ನು ಯಾರಾದರೂ ಮೂರು ಸಲ ಗಾಳಿಯಲ್ಲಿ ಎತ್ತಿ ಹೆಸರು ಹೇಳಿದರೆ ಸಾಕು, ದೇವರು ಒಪ್ಪುತ್ತಾನೆ. ಹಾಗೆ ಇಟ್ಟ ಹೆಸರನ್ನು ಮತ್ತೆ ಬದಲಿಸುವಂತಿಲ್ಲ.

"ನೀವು ಎತ್ತಿ ಬೀಗರೇ, ನಿಮ್ಮ ಹಕ್ಕು" ಎಂದ ಇರಾಕ್ಲಿಸ್.

ಮಿಲ್ತಿಯಾದಿಸ್ ಕೈ ಚಾಚಿದ. ಹಿಮದಲ್ಲಿ ಮರಗಟ್ಟಿದ ಆ ದೊಡ್ಡ ಬೆರಳುಗಳು ಮಡಚಲೇ ಇಲ್ಲ. "ಬೀಳಿಸ್ಬಿಡ್ತೀನಿ. ನೀವೇ ಎತ್ತಿ."

ಇರಾಕ್ಲಿಸ್ ಎರಡೂ ಅಂಗೈಗಳನ್ನು ಮಗುವಿನ ಬೆನ್ನಿನ ಕೆಳಗೆ ಹರಡಿ, ಉಣ್ಣೆಯ ಸಮೇತ ಎತ್ತಿಕೊಂಡ. "ದೇವರ ದಾಸ ಮಿಲ್..."

"ಬೇಡ!" ಮಿಲ್ತಿಯಾದಿಸ್ ಅವನ ಮೊಣಕೈ ಹಿಡಿದುಕೊಂಡ. ಕಣ್ಣಿಂದ ನೀರು ಮೀಸೆಗೆ ಇಳಿಯುತ್ತಿತ್ತು. "ನನ್ನದು ಬೇಡ ಬೀಗರೇ. ಬರೀ ಗಂಟಲು ನನ್ನ ಹೆಸರು. ನಿಮ್ಮದಿಡಿ."

"ಏನಂತಿದೀರಾ? ನನ್ನ ಹೆಸರಾ? ನಗ್ತಾರೆ ಜನ! ಜೀವಮಾನ ಪೂರ್ತಿ ನಗ್ತಾರೆ!"

"ನಗೋಕೆ ಇವನು ಬದುಕ್ಬೇಕಲ್ಲ ಮಾರಾಯ್ರೇ! ನಿಮ್ಮ ಹೆಸರು ಹಾರೋಸ್ ಜೊತೆ ಒಂದು ಸಲ ಕುಸ್ತಿ ಹಿಡಿದಿದೆ. ಅವನ ಪಟ್ಟು ಅದಕ್ಕೆ ಗೊತ್ತು. ಕಾಲಿಗೆ ಬೀಳ್ತೀನಿ, ಹೇಳಿ. ಜೋರಾಗಿ ಹೇಳಿ, ಹೊರಗೆ ನಿಂತಿರೋನಿಗೆ ಕೇಳಿಸ್ಬೇಕು."

ನಲವತ್ತೆಂಟು ವರ್ಷ ಬಾಯಿಗೆ ತಾರದ ಹೆಸರು. ಇರಾಕ್ಲಿಸ್ ಮಗುವನ್ನು ತಲೆಯ ಮಟ್ಟಕ್ಕೆ ಎತ್ತಿ ಹೇಳಿದ: "ದೇವರ ದಾಸ ಇರಾಕ್ಲಿಸ್ ದೀಕ್ಷೆ ಪಡೀತಿದಾನೆ, ತಂದೆಯ ಹೆಸರಲ್ಲಿ." ದನಿ ಹೊರಡಲಿಲ್ಲ, ಪಿಸುಮಾತಾಯಿತು. ಮತ್ತೆ ಎತ್ತಿದ: "ಇರಾಕ್ಲಿಸ್, ಮಗನ ಹೆಸರಲ್ಲಿ." ಮೂರನೆಯ ಸಲ ಅವನಿಗೆ ಎಲ್ಲಿಂದ ಬಂತೋ, ಬಾಗಿಲ ಕಡೆ ತಿರುಗಿ ನಿಂತು, ಕತ್ತಿನ ನರ ಉಬ್ಬುವಂತೆ ಕೂಗಿದ: "ಇರಾಕ್ಲಿಸ್! ಪವಿತ್ರಾತ್ಮದ ಹೆಸರಲ್ಲಿ!" ಆ ಕೂಗು ಮೂರು ಮನೆ ಆಚೆಗೆ ನಮಗೂ ಕೇಳಿಸಿತ್ತು.

ಏನೂ ಆಗಲಿಲ್ಲ. ಮಗು ಅಳಲಿಲ್ಲ, ಕಣ್ಣು ತೆರೆಯಲಿಲ್ಲ. ಉಸಿರು ಮಾತ್ರ ನಿಲ್ಲಲಿಲ್ಲ. ಸಂಜೆಗೂ ಇತ್ತು. ಮರುದಿನವೂ ಇತ್ತು. ಗರಿಫಲ್ಯಾ ತಾಯಿಯ ಹಾಲನ್ನು ಹಿಂಡಿ ಚಮಚದಲ್ಲಿ ತೊಟ್ಟು ತೊಟ್ಟಾಗಿ ಹಾಕಿದಳು. ಇಬ್ಬರು ಅಜ್ಜಂದಿರು ಸರದಿಯ ಮೇಲೆ ಇಟ್ಟಿಗೆ ಬಿಸಿ ಮಾಡಿದರು. ಮಗು ಹುಟ್ಟಿದ ಐದನೆಯ ದಿನ ರಸ್ತೆ ತೆರೆದು ವೈದ್ಯರು ಬಂದಾಗ, ಮರಿಗೆಯನ್ನೂ ಉಣ್ಣೆಯನ್ನೂ ನೋಡಿ, "ಇದನ್ನ ಮುಟ್ಬೇಡಿ, ಹೀಗೇ ಇರ್ಲಿ" ಎಂದರು. ಒಂದು ತಿಂಗಳಿಗೆ ಕೂಸಿನ ಅಳು ಬೀದಿಗೆ ಕೇಳತೊಡಗಿತು. ಮಿಲ್ತಿಯಾದಿಸ್ ಕಾಫಿ ಅಂಗಡಿಯಲ್ಲಿ ಎದ್ದು ನಿಂತು, "ಗಂಟಲು ನಂದೇ ಬಂದಿದೆ, ಅಷ್ಟು ಸಾಕು" ಎಂದ. ಹೆಸರು ಕೇಳಿ ಯಾರೋ ಕಿಸಕ್ಕೆನ್ನಲು ಹೊರಟರು. ಅವನು ಒಮ್ಮೆ ತಿರುಗಿ ನೋಡಿದ, ಮುಗಿಯಿತು.

ನಲವತ್ತು ದಿನ ಕಳೆಯುವವರೆಗೆ ಕೂಸನ್ನು ಹೊಸ್ತಿಲು ದಾಟಿಸುವುದಿಲ್ಲ. ಆ ದಿನಗಳಲ್ಲಿ ಇರಾಕ್ಲಿಸ್ ತೊಟ್ಟಿಲ ಬದಿಯಲ್ಲಿ ಕೂತು ಮಗುವಿನ ಮುಖವನ್ನೇ ನೋಡುತ್ತಿದ್ದ. "ಏನ್ರೀ ಯೋಚನೆ?" ಎಂದು ಸ್ತಮಾತಾ ಕೇಳಿದರೆ, "ನನ್ನನ್ನೂ ಯಾರೋ ಹೀಗೇ ನೋಡ್ತಾ ಕೂತಿದ್ರು ಕಣೇ. ನನಗೆ ನಾಚಿಕೆ ಆಗ್ತಿದೆ" ಎಂದ.

ಆ ವರ್ಷ ಈಸ್ಟರಿನ ಮಧ್ಯಾಹ್ನ, ಕೂಸನ್ನು ಎದೆಗೆ ಕಟ್ಟಿಕೊಂಡು, ಸ್ತಮಾತಾ ಸುಟ್ಟ ಸಿಹಿ ಬ್ರೆಡ್ಡನ್ನೂ ಹಬ್ಬಕ್ಕೆ ಬಣ್ಣ ಹಾಕಿದ ಕೆಂಪು ಮೊಟ್ಟೆಗಳನ್ನೂ ಬಟ್ಟೆಯಲ್ಲಿ ಕಟ್ಟಿ ಹಿಡಿದು, ಇರಾಕ್ಲಿಸ್ ಕೆಳಗಿನ ಹಳ್ಳಿಗೆ ನಡೆದ. ಸರಾಂದಿಸ್ ಬಾಗಿಲಲ್ಲಿ ಬಿಸಿಲು ಕಾಯುತ್ತ ಕೂತಿದ್ದ. ಎಂಬತ್ತರ ಮುದುಕ, ಇದ್ದಿಲ ಹೊಗೆಗೆ ಕಣ್ಣು ಮಂಜಾಗಿತ್ತು.

"ಯಾರದು?"

"ಇರಾಕ್ಲಿಸ್."

ಮುದುಕ ತಲೆ ಎತ್ತಿದ. ಇವನು ಮೊಣಕಾಲೂರಿ, ಮಸಿ ಕಚ್ಚಿದ ಆ ಕೈಯನ್ನು ಹಿಡಿದು ಮುತ್ತಿಟ್ಟ. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಒಂದೂ ನೆನಪಾಗಲಿಲ್ಲ. "ತಪ್ಪಾಯ್ತು ಅಪ್ಪಯ್ಯ. ನಿನ್ನ ಉಪಕಾರ ದೊಡ್ಡದು, ನನಗೆ ತಿಳೀಲಿಲ್ಲ" ಎಂದಷ್ಟೇ ಹೇಳಿ ಬಿಕ್ಕಿ ಬಿಕ್ಕಿ ಅತ್ತ.

ಸರಾಂದಿಸ್ ಅವನನ್ನು ಅಳಲು ಬಿಟ್ಟ. ಆಮೇಲೆ ತಡವುತ್ತ ಎದೆಯ ಮೇಲಿನ ಗಂಟನ್ನು ಮುಟ್ಟಿದ. "ಕೂಸಾ? ಮಗಳದಾ? ಏನು ಹೆಸರು?"

"ಇರಾಕ್ಲಿಸ್ ಅಂತಲೇ."

ಮುದುಕನ ಕೈ ಅಲ್ಲೇ ನಿಂತಿತು. "ಮತ್ತೆ ಬಂದಿದ್ನಾ ಆ ಕರಿ ಕುದುರೆಯೋನು?"

"ಬಂದಿದ್ದ ಅಪ್ಪಯ್ಯ."

"ಹೋದ್ನಾ?"

"ಹೋದ."

"ಒಳಗೆ ಬಾ ಮಗಾ" ಎಂದು ಸರಾಂದಿಸ್ ಗೋಡೆ ಹಿಡಿದು ಎದ್ದ. "ಇಪ್ಪತ್ತೆಂಟು ಈಸ್ಟರಿನ ಊಟ ಬಾಕಿ ಇದೆ ನಿಂದು."