ಪರದಾ ಎತ್ತಿದ ವೈನಿ

ಹುಮನಾಬಾದಿನಲ್ಲಿ ನಮ್ಮ ಮಗ್ಗುಲ ಮನೆಯವರನ್ನು ನಾವೆಲ್ಲ ಅತ್ತಿಗೆಯೆಂಬ ಸಲುಗೆಯಿಂದ ವೈನಿ ಎನ್ನುತ್ತಿದ್ದೆವು; ಅವರು ಎಮ್ಮೆ ಸಾಕಿ ಹಾಲು ಮಾರುತ್ತಿದ್ದರು. ಹುಟ್ಟಿನಿಂದಲೇ ಅವರ ಎಡಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿತ್ತು. ಯಾರಾದರೂ ಎದುರು ಬಂದರೆ ಕಿರುಬೆರಳಿನಿಂದ ಅದನ್ನು ಮೇಲೆತ್ತಿ, "ತಡೀರಿ, ಪರದಾ ಎತ್ತತೀನಿ," ಎನ್ನುತ್ತಿದ್ದರು. ನಾವೂ ನಗುತ್ತಿದ್ದೆವು. ಫೋಟೋ ಎಂದರೆ ಮಾತ್ರ ಸೆರಗನ್ನು ಎಡಗಣ್ಣಿನ ಮೇಲೆ ಎಳೆದುಕೊಂಡು ಓರೆಯಾಗಿ ನಿಲ್ಲುವರು. ಅವರ ಮದುವೆ ಫೋಟೋದಲ್ಲೂ ಕಾಣುವುದು ಒಂದೇ ಕಣ್ಣು.

ಮಗಳ ಮದುವೆ ಗೊತ್ತಾದಾಗ, ರೆಪ್ಪೆಗೆ ಆಪರೇಷನ್ ಮಾಡಿಸಿಕೊಂಡೇ ತೀರುತ್ತೇನೆಂದು ಹಟ ಹಿಡಿದರು.

"ಈ ವಯಸ್ಸಿನ್ಯಾಗ ಚಂದ ಆಗಿ ಏನ ಮಾಡ್ತೀ?" ಎಂದರು ಅವರ ಅತ್ತೆ.

"ಮದುವಿ ಮಗಳದು, ಕಣ್ಣ ನಂದು ಅದರೀ."

ಡಾಕ್ಟರು ರೆಪ್ಪೆ ಎತ್ತುವ ಸ್ನಾಯುವನ್ನು ಬಿಗಿ ಮಾಡಿ ಹೊಲಿದರು.

ಬಸವಕಲ್ಯಾಣದಲ್ಲಿ ಮದುವೆ. ಹಳೆಯ ಪರಿಚಯದ ಫೋಟೋದವನು ಎಂದಿನಂತೆ, "ವೈನಿ, ಓರೆ ನಿಂದರ್ರಿ, ಸೆರಗ ಜಗ್ಗರಿ," ಎಂದ.

ವೈನಿ ಸೆರಗನ್ನು ಹಿಂದೆ ಸರಿಸಿ ಕ್ಯಾಮೆರಾಕ್ಕೆ ನೆಟ್ಟಗೆ ಎದುರಾಗಿ ನಿಂತರು. ರೂಢಿಯಿಂದ ಕಿರುಬೆರಳು ಕಣ್ಣಿನ ತನಕ ಹೋಯಿತು. ಅಲ್ಲಿ ಎತ್ತಲು ಏನೂ ಉಳಿದಿರಲಿಲ್ಲ. ಮಂಟಪವೆಲ್ಲ ತಿರುಗಿ ನೋಡುವಂತೆ ನಕ್ಕರು.

"ಪರದಾ ಎದ್ದದಪ್ಪಾ. ಹೊಡಿ ಫೋಟೋ!"