ಹಂಚಿಹೋದ ಸುಳಿಯ ತಿರುಳು

ಎಂಬತ್ತರ ದಶಕದ ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಸೊಂಟನೋವು. ಹೊನ್ನವಳ್ಳಿಯಲ್ಲಿ ಅಡುಗೆ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ತಿಪಟೂರಿಗೆ ಹೋಗಿ, ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ, ಮಕ್ಕಳೆಲ್ಲ ಮನೆಗೆ ಹೊರಟ ಮೇಲೆ ಲ್ಯಾಬಿನ ಮೂಲೆಯಲ್ಲಿ ತೆಂಗಿನ ಗರಿ ಅರೆಯುತ್ತ ಕೂರುತ್ತಿದ್ದೆ. ನನ್ನ ಪಿಎಚ್‌ಡಿಗೆ ಅದರಿಂದ ಡಿಎನ್‌ಎ ತೆಗೆಯಬೇಕಿತ್ತು. ನಾನು ಓದಿದ ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಪೇಷನ್ಸ್ ಕಲಿಸಿದ್ದೇನೋ ಹೌದು, ಆದರೆ ಅವರಾರೂ ತೆಂಗಿನ ಗರಿ ಅರೆದವರಲ್ಲ.

ಡಿಎನ್‌ಎ ಒಂದು ಉದ್ದನೆಯ ಪಾಲಿಮರ್, ಮೈತುಂಬ ನೆಗೆಟಿವ್ ಚಾರ್ಜ್ ಹೊತ್ತ ಎಳೆ. ತೆಳುವಾದ ಜೆಲ್ಲಿಯಲ್ಲಿ ಗುಳಿ ಮಾಡಿ, ಅದರೊಳಗೆ ಬಿಟ್ಟು ಕರೆಂಟ್ ಹಾಯಿಸಿದರೆ ಪಾಸಿಟಿವ್ ತುದಿಯ ಕಡೆಗೆ ಸರಿಯುತ್ತದೆ. ಬಲಿತ ಗರಿಯಿಂದ ನನಗೆ ಸಿಗುತ್ತಿದ್ದದ್ದು ಬರೀ ಅಂಟು. ಆಲ್ಕೋಹಾಲ್ ಸುರಿದರೆ ಅದೂ ಡಿಎನ್‌ಎಯಂತೆಯೇ ಬೆಳ್ಳಗೆ ಕೂಡಿಕೊಂಡು ಆಸೆ ಹುಟ್ಟಿಸುತ್ತಿತ್ತು. ಜೆಲ್ಲಿಗೆ ಹಾಕಿದರೆ, ಚಾರ್ಜಿಲ್ಲದ ಅಂಟು ತಾನೇ, ಗುಳಿ ಬಿಟ್ಟು ಕದಲುತ್ತಿರಲಿಲ್ಲ. ಬೆಂಗಳೂರಿನಲ್ಲಿದ್ದ ನನ್ನ ಗೈಡ್ ಒಳ್ಳೆಯ ಮನುಷ್ಯರು. ಆದರೂ ಆ ಬೇಸಿಗೆಯಲ್ಲಿ ಹೇಳಿಯೇಬಿಟ್ಟರು: "ಈ ರಜೆಯೊಳಗೆ ಆಗದಿದ್ದರೆ ಟಾಪಿಕ್ ಬದಲಾಯಿಸೋಣಮ್ಮ. ಪೇಂಟಿನ ಪಾಲಿಮರ್ ಮೇಲೆ ಏನಾದರೂ ಮಾಡಿ."

ಸುಳಿಯ ಬುಡದ ಎಳೆಯ ಬಿಳಿ ತಿರುಳಿನಲ್ಲಿ ಅಂಟು ಕಡಿಮೆ ಎಂದು ಅವರೇ ಹೇಳಿದ್ದರು. ಆದರೆ ಸುಳಿ ಕಡಿದರೆ ಮರವೇ ಸತ್ತಂತೆ. ನಮ್ಮ ಕಡೆ ಆ ಮಾತು ಆಡುವುದಕ್ಕೂ ಹಿಂಜರಿಯುತ್ತಾರೆ. ಸೊಸೆಯಾದವಳು ಥೀಸಿಸ್ಸಿಗೆ ಒಂದು ಮರ ಕಡಿಸಿಕೊಡಿ ಎಂದು ಹೇಗೆ ಕೇಳಲಿ? ಮರ ತಾನಾಗಿ ಬೀಳಲಿ ಎಂದು ಕಾಯುವುದೊಂದೇ ಉಳಿದಿತ್ತು.

ಮೇ ತಿಂಗಳ ಗಾಳಿಗೆ ತೋಟದ ಅಂಚಿನದೊಂದು ಉರುಳಿತು. ನನ್ನ ಗಂಡ ತಿರುಳು ಬಿಡಿಸಿ ತಂದರು. ಅದನ್ನು ಪಾತ್ರೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ಐಸ್ ತರಲು ತಿಪಟೂರಿಗೆ ಹೋದೆ. ಫ್ಲಾಸ್ಕ್ ಹೊತ್ತು ವಾಪಸು ಬಂದಾಗ ಆ ಪಾತ್ರೆ ತೊಳೆದು ಬೋರಲು ಹಾಕಿತ್ತು.

"ತಿರುಳೆಲ್ಲಿ, ಅತ್ತೆ?"

"ಹಂಚಿಬುಟ್ಟೆ ಕಣಮ್ಮ. ಮರ ಬಿದ್ರೆ ಅಕ್ಕಪಕ್ಕದೋರಿಗೆ ಕೊಡ್ದೆ ನಾವೇ ತಿನ್ನಕ್ಕಾಯ್ತದಾ?"

"ಅದು ಕಾಲೇಜಿಗೆ ಅಂತ ನಿಮ್ಮ ಮಗ ಹೇಳ್ಲಿಲ್ವಾ?"

"ಹೇಳ್ದ. ಅದಕ್ಕೇ ಕೋಸಂಬರಿ ಜಾಸ್ತಿ ಮಾಡಿದೀನಿ. ಡಬ್ಬಿಗೆ ಹಾಕ್ಕೊಡ್ತೀನಿ, ನಿನ್ ಜೊತೆಯೋರೂ ತಿನ್ಲಿ."

ನಗಬೇಕಿತ್ತು. ನಗಲು ಶಕ್ತಿ ಇರಲಿಲ್ಲ. ಫ್ಲಾಸ್ಕನ್ನು ಜಗುಲಿಯ ಮೇಲಿಟ್ಟು, ಯಾರ ಮನೆಯಲ್ಲಾದರೂ ಉಳಿದಿದ್ದರೆ ಕೇಳಿ ತರುತ್ತೇನೆ ಅಂದೆ.

"ಕೊಟ್ಟಿದ್ನ ವಾಪಸ್ ಕೇಳದಾ? ನಮ್ಮನೇಲಿ ಅಂಥದ್ದು ನಡ್ದಿಲ್ಲ."

"ಇದು ಆಗ್ಲಿಲ್ಲ ಅಂದ್ರೆ ಇಷ್ಟು ವರ್ಷ ನಾನು ಬಸ್ಸು ಹತ್ತಿದ್ದೆಲ್ಲ ವೇಸ್ಟ್, ಅತ್ತೆ."

ಅವರು ನನ್ನ ಮುಖ ನೋಡಿದರು. ಆಮೇಲೆ ಸೆರಗು ಹೊದ್ದು, "ನೀನು ಸುಮ್ಕಿರು, ನಾನೇ ಕೇಳ್ತೀನಿ" ಎಂದು ಮುಂದೆ ನಡೆದರು.

ಮೊದಲ ಮನೆಯಲ್ಲಿ ಎಮ್ಮೆಯ ಸಮಾಚಾರ ವಿಚಾರಿಸಿದರು, ಗಾಳಿಯನ್ನು ಬೈದರು, ಕೊನೆಗೆ "ತಿಂದ್ರಾ?" ಅಂದರು. ಚೆನ್ನಾಗಿತ್ತಂತೆ. ಎರಡನೆಯದರಲ್ಲಿ ಆಗಲೇ ಉಪ್ಪು, ನಿಂಬೆಹುಳಿ ಬಿದ್ದಿತ್ತು. ಹುಳಿ ಬಿದ್ದರೆ ಡಿಎನ್‌ಎ ಕೆಡುತ್ತದೆ. ಉಳಿದದ್ದು ಪಂಪ್‌ಸೆಟ್ ರಿಪೇರಿಯವರ ಮನೆ. ಅವರ ಹೆಂಡತಿ ಬಾಗಿಲಲ್ಲೇ ಹೊಲಿಗೆ ಹಿಡಿದು ಕೂತಿದ್ದರು.

"ಹಂಗೇ ಐತೆ ಅಮ್ಮ. ನಮ್ಮೋರು ಬರ್ಲಿ ಅಂತ ಮಡಗಿದೀನಿ."

ಅತ್ತೆ ನೆಲ ನೋಡುತ್ತ ಹೇಳಿದರು: "ನಮ್ ಸೊಸೆ ಓದಿಗೆ ಬೇಕಂತೆ ಕಣವ್ವ. ಕೊಟ್ಟಿದ್ನೇ ಕೇಳ್ತಿದೀನಿ, ತಪ್ಪು ತಿಳ್ಕಬ್ಯಾಡ."

"ಅದಕ್ಕ್ಯಾಕೆ ಇಷ್ಟು ಬೇಜಾರು? ತಗೊಂಡೋಗಿ. ಆದ್ರೆ ಅರ್ಧ ಬಿಡಿ ಕಣ್ರೀ, ಅವರಿಗೆ ಆಗ್ಲೇ ಹೇಳಿ ಕಳ್ಸಿದೀನಿ. ಇಲ್ಲ ಅಂದ್ರೆ ನನ್ನನ್ನೇ ರಿಪೇರಿ ಮಾಡ್ತಾರೆ."

ಆ ಅರ್ಧವನ್ನು ಐಸಿನಲ್ಲಿಟ್ಟು ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಅರೆದೆ, ಸೋಪಿನಂಥ ಡಿಟರ್ಜೆಂಟಿನಲ್ಲಿ ಕಲಸಿದೆ, ಸೋಸಿದೆ, ಕ್ಲೋರೋಫಾರ್ಮಿನಲ್ಲಿ ಕುಲುಕಿ ಮೇಲಿನ ತಿಳಿ ತೆಗೆದೆ, ತಣ್ಣನೆಯ ಆಲ್ಕೋಹಾಲ್ ಬಿಟ್ಟೆ. ಗಾಜಿನ ಕಡ್ಡಿಗೆ ಬಿಳಿ ಎಳೆ ಸುತ್ತಿಕೊಂಡಿತು. ನಂಬಲಿಲ್ಲ, ಹಿಂದೆಯೂ ಅಂಟು ಹೀಗೇ ಆಟವಾಡಿಸಿತ್ತು. ಅದನ್ನು ಕರಗಿಸಿ ಜೆಲ್ಲಿಗೆ ಹಾಕಿ, ಕರೆಂಟ್ ಹೋಗದಿರಲಿ ಎಂದು ಫ್ಯಾನನ್ನೇ ನೋಡುತ್ತ ಕೂತೆ. ಹೋಗಲಿಲ್ಲ. ಡಿಎನ್‌ಎಗೆ ಹಿಡಿದು ಹೊಳೆಯುವ ಬಣ್ಣದ ನೀರಿನಲ್ಲಿ ಜೆಲ್ಲಿಯನ್ನು ನೆನೆಸಿ, ಕಿಟಕಿ ಮುಚ್ಚಿ, ಗೈಡ್ ಕೊಟ್ಟಿದ್ದ ಪುಟ್ಟ ಯುವಿ ಲ್ಯಾಂಪ್ ಹಿಡಿದೆ. ಗುಳಿಯಿಂದ ಕೆಳಗೆ, ಪಾಸಿಟಿವ್ ತುದಿಯ ಕಡೆಗೆ, ಕಿತ್ತಳೆ ಬಣ್ಣದ ಒಂದು ಮಸುಕು ಗೆರೆ. ಸರಿದಿತ್ತು.

ಖುಷಿಯಾಯಿತು ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಲ್ಯಾಂಪ್ ಆರಿಸಿ, ಮತ್ತೆ ಹಚ್ಚಿ, ಗೆರೆ ಅಲ್ಲೇ ಇದೆಯೇ ಎಂದು ನೋಡಿದೆ, ಅಷ್ಟೆ.

ಸಂಜೆ ಮನೆಗೆ ಬಂದಾಗ ಅತ್ತೆ ಕೊಬ್ಬರಿಯ ಎರಡು ಹೋಳು, ಬೆಲ್ಲ ಒಂದು ಡಬ್ಬಿಗೆ ತುಂಬಿ ಹಿಡಿದು ಕಾಯುತ್ತಿದ್ದರು, ಪಂಪ್‌ಸೆಟ್ಟಿನವರ ಮನೆಗೆ ಕೊಡಲು.

"ಆಯ್ತೇನೇ?"

"ಆಯ್ತು ಅತ್ತೆ. ಸರೀತು."

"ಹಂಗಾರೆ ಮುಗೀತು, ಇನ್ ಸಾಯಂಕಾಲ ಬೇಗ ಬತ್ತೀಯ."

ಇಲ್ಲ, ಇದು ಶುರು ಅಂದೆ. ನನ್ನ ಟಾಪಿಕ್ಕೇ ಅದು: ಪಾಸಿಟಿವ್ ಚಾರ್ಜಿನ ಇನ್ನೊಂದು ಪಾಲಿಮರ್ ಬೆರೆಸಿದರೆ ಎರಡೂ ಅಪ್ಪಿಕೊಂಡು, ಚಾರ್ಜು ಒಂದಕ್ಕೊಂದು ಕಳೆದುಹೋಗಿ, ಡಿಎನ್‌ಎ ಯಾವ ಹಂತದಲ್ಲಿ ಸರಿಯದೆ ನಿಂತುಬಿಡುತ್ತದೆ ಎಂದು ನೋಡುವುದು.

ಅತ್ತೆ ಡಬ್ಬಿಯ ಮುಚ್ಚಳ ಒತ್ತಿದರು. "ಇಷ್ಟ್ ದಿನ ಅದು ಸರೀಲಿಲ್ಲ ಅಂತ ಅಳ್ತಿದ್ದೆ. ಈಗ ಅದ್ನ ನಿಲ್ಸಕ್ಕೆ ಹೋಗ್ತೀಯಾ?"

"ಹೂಂ."

"ಬುಡು, ಕೈಕಾಲು ತೊಳ್ಕ. ಊಟ ಮಾಡು."