ಸಾವಕ್ಕನ ಅವ್ವನ ಜರಿ

ಧಾರವಾಡದ ನಮ್ಮ ಓಣಿಯ ಸಾವಕ್ಕ ಸರಕಾರಿ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು. ಈಗ ಫೋನಿಗೆ ಕಸೂತಿ ಕವರ್ ಹೊಲಿದು ಮಾರುತ್ತಾಳೆ. ತನ್ನ ಕೈಕೆಲಸವನ್ನು ನಾವು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ತಾನೇ ಹೊಗಳಿ ಮುಗಿಸಿರುತ್ತಾಳೆ.

ಗಿರಾಕಿ ಕೇಳಲಿ ಬಿಡಲಿ, ಪಾಠ ಮಾಡಿಯೇ ಕವರ್ ಕೊಡುವುದು. ವೈರು ಚುಚ್ಚದೆ ಫೋನಿನ ಬೆನ್ನಿಗೆ ಹಚ್ಚುವ ಚಾರ್ಜರಿನ ದುಂಡು ಬಿಲ್ಲೆಯೊಳಗೊಂದು ತಂತಿಯ ಸುರುಳಿ, ಫೋನಿನ ಬೆನ್ನೊಳಗೊಂದು. ಬಿಲ್ಲೆಯಲ್ಲಿ ಕರೆಂಟು ಹರಿದಾಗ ಅದರ ಕಾಂತಶಕ್ತಿ ಬಟ್ಟೆ ದಾಟಿ ಹೋಗಿ ಫೋನಿನ ಸುರುಳಿಯಲ್ಲಿ ಮತ್ತೆ ಕರೆಂಟು ಹುಟ್ಟಿಸುತ್ತದೆ. ಎರಡೂ ಎದುರುಬದುರು ಕೂರಬೇಕು. ಹಾಗೆ ಕೂರಿಸುವುದಕ್ಕೇ ಕವರಿನೊಳಗೆ ಮ್ಯಾಗ್ನೆಟ್ ಉಂಗುರ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲವಾದ್ದರಿಂದ ಬಟ್ಟೆ ಸಪಾಟಾಗಿರುತ್ತದೆ, ಬಿಲ್ಲೆ ಟಕ್ಕನೆ ಹಿಡಿಯುತ್ತದೆ. ಕಸೂತಿಗಾಗಿಯೇ ಈ ಚಾರ್ಜರ್ ಮಾಡಿದ್ದಾರೆಂಬಂತೆ ಹೇಳುತ್ತಾಳೆ.

ಗಂಡನ ಅಣ್ಣನ ಹೆಂಡತಿ, ನೆಗೆಣ್ಣಿ ಮಂದಾಕಿನಿಗೆ ಮಾತ್ರ ಇದ್ಯಾವುದೂ ದೊಡ್ಡದಲ್ಲ. ಸಾವಕ್ಕನ ಮದುವೆಯಲ್ಲಿ ಅವ್ವ ತನ್ನ ಸೀರೆಯನ್ನೇ ಮಗಳಿಗೆ ಉಡಿಸಿ, ಇದು ಖರೇ ಜರಿ ಎಂದಿದ್ದಳು. ಮಂದಾಕಿನಿ ಅಂಚು ತಿಕ್ಕಿ ನೋಡಿ, ಪ್ಲಾಸ್ಟಿಕ್ ಎಂದಳು. ಆ ಮಾತು ಮನೆತನದಲ್ಲಿ ಉಳಿದೇಬಿಟ್ಟಿತು. ಸುಳ್ಳು ಹೇಳಿದವಳೆಂಬ ಹೆಸರು ಹೊತ್ತೇ ಅವ್ವ ತೀರಿಕೊಂಡಳು. ಸಾವಕ್ಕ ಆ ಸೀರೆಯನ್ನು ಮತ್ತೆ ಉಡಲಿಲ್ಲ. ತನಗೂ ಅನುಮಾನ ಹೊಕ್ಕಿತ್ತಲ್ಲ ಎಂಬುದೇ ಆಕೆಯ ಹೊಟ್ಟೆ ಉರಿಸುವ ಸಂಗತಿ.

ಈಚೆಗೆ ಮಂದಾಕಿನಿಯೂ ತನ್ನ ಹೊಸ ಫೋನಿಗೆ ಕವರ್ ಕೇಳಿದಳು. ಸಾವಕ್ಕ ಹಟಕ್ಕೆ ಬಿದ್ದು, ಅವ್ವನ ಸೀರೆಯ ತುದಿಯಿಂದ ಗೇಣುದ್ದ ಅಂಚು ಕತ್ತರಿಸಿ ಕವರಿನ ನಟ್ಟನಡುವೆ ಹೊಲಿದಳು. ಬಿಲ್ಲೆ ಹಿಡಿಯಿತು, ಆದರೆ ಚಾರ್ಜು ನಿಂತುಹೋಯಿತು, ಅಂಚು ಬಿಸಿಯಾಯಿತು. ನಿನ್ನ ಕೆಲಸವೂ ನಿಮ್ಮವ್ವನ ಜರಿಯ ಹಾಗೇ ಎಂದು ಮಂದಾಕಿನಿ ನಕ್ಕಳು.

ಸಾವಕ್ಕ ಸಿಟ್ಟಿನಲ್ಲೇ ಹುಬ್ಬಳ್ಳಿ ಬಸ್ಸು ಹತ್ತಿದಳು. ದುರ್ಗದಬೈಲಿನಲ್ಲಿ ಮ್ಯಾಗ್ನೆಟ್ ಉಂಗುರ ಮಾರುವ ಗೌಸಮೊದ್ದೀನನ ಮುಂದೆ ಕವರ್ ಇಟ್ಟು, ನಿನ್ನ ಉಂಗುರವೇ ಸರಿಯಿಲ್ಲ ಎಂದು ಬೈದಳು. ಆತ ಬಿಲ್ಲೆ ಹಚ್ಚಿ, ಅಂಚು ಮುಟ್ಟಿ ನೋಡಿದ.

“ಉಂಗುರ ಛಲೋ ಐತ್ರಿ ಅಕ್ಕಾರ. ನಡುವ ಲೋಹ ಐತಿ, ಅದ ಶಕ್ತಿ ನುಂಗಿ ಬಿಸಿ ಆಗಾಕತ್ತೈತಿ. ಪ್ಲಾಸ್ಟಿಕ್ ಜರಿ ಆಗಿದ್ರ ಏನೂ ಆಗ್ತಿರ್ಲಿಲ್ರಿ.”

ಸಾವಕ್ಕ ಅದನ್ನು ಇನ್ನೊಮ್ಮೆ ಹೇಳಿಸಿದಳು. ಬರುವಾಗ ಬಜಾರಿನಲ್ಲಿ ಪ್ಲಾಸ್ಟಿಕ್ ಜರಿಯ ತುಂಡೊಂದನ್ನು ಕೊಂಡಳು.

ಮರುದಿನ ಮಂದಾಕಿನಿಯ ಮನೆಯಲ್ಲಿ ಎರಡು ಕವರ್ ಇಟ್ಟಳು. ಬಜಾರಿನ ಜರಿಯದರಲ್ಲಿ ಫೋನು ಎಂದಿನಂತೆ ಚಾರ್ಜ್ ಆಯಿತು. ಇನ್ನೊಂದಕ್ಕೆ ಬಿಲ್ಲೆ ಹಚ್ಚಿ, ಅವ್ವನ ಜರಿಯ ಮೇಲೆ ನೆಗೆಣ್ಣಿಯ ಬೆರಳು ಹಿಡಿದು ಇಡಿಸಿದಳು. ಬೆಳ್ಳಿಯೋ ತಾಮ್ರವೋ ಗೊತ್ತಿಲ್ಲ, ಪ್ಲಾಸ್ಟಿಕ್ ಅಂತೂ ಅಲ್ಲ ಎಂದಳು. ಮಂದಾಕಿನಿ ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.

“ಬಿಸಿ ಐತಿ. ನಿಮ್ಮವ್ವ ಖರೇನ ಹೇಳಿದ್ಲವಾ.”

ಮಂದಾಕಿನಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಸಾವಕ್ಕ ಆ ಸೀರೆ ಉಟ್ಟೇ ಬಂದಳು, ಕತ್ತರಿಸಿದ ತುದಿಯನ್ನು ಒಳಕ್ಕೆ ಸಿಕ್ಕಿಸಿ. ಬಂದವರೆದುರು ಅಂಚು ಮಡಚಿಕೊಂಡಾಗ, ಬಾಗಿ ಅದನ್ನು ಬಿಡಿಸಿ ಕಾಣುವಂತೆ ಮಾಡಿದವಳು ಮಂದಾಕಿನಿ.